ಒಂದೇ ಕರೆಂಟಿಗೆ ಮೂರು ತೂಗುದೀಪ: ಹೊಸಪೇಟೆ ಮಾದರಿಯ ಕೈಪಿಡಿ

ಮೊದಲು ಮೇನ್ ಸ್ವಿಚ್ ಇಳಿಸಿ. ಇಳಿಸಿದ್ದೀರಾ? ಇನ್ನೊಮ್ಮೆ ಹೋಗಿ ನೋಡಿ. ಮನೆಯಲ್ಲಿ ಧಾರಾವಾಹಿ ನೋಡುವವರಿದ್ದರೆ ಸ್ವಿಚ್ಚಿನ ಪಕ್ಕ ಒಬ್ಬರನ್ನು ಕಾವಲಿಗೆ ನಿಲ್ಲಿಸಿ. "ಹೆಂಗೂ ಕರೆಂಟು ಹೋಗೇತಿ, ಈಗಲೇ ಮುಗಿಸಿಬಿಡೋಣ" ಎಂದು ಏಣಿ ಹತ್ತುವವರು ಈ ಕೈಪಿಡಿ ಓದುವುದು ಬೇಡ. ಹೋದ ಕರೆಂಟು ಹೇಳಿ ಬರುವುದಿಲ್ಲ.

ಬೇಕಾದ ಸಾಮಾನು: ಕೆಂಪು, ಕಪ್ಪು, ಹಸಿರು ಬಣ್ಣದ 1.5 ಚದರ ಮಿಲಿಮೀಟರ್ ತಾಮ್ರದ ವೈರು, ಮೂರು ಸೀಲಿಂಗ್ ರೋಸ್, ಮೂರು ಹೋಲ್ಡರ್, ಟೆಸ್ಟರ್. ದೀಪದ ಟೊಪ್ಪಿಗೆಗೆ ಸಂಡೂರಿನ ಲಂಬಾಣಿ ಕಸೂತಿಯೇ ಸರಿ ಎಂಬುದು ನನ್ನ ಹಟ. ಅದರ ಚೂರುಗನ್ನಡಿಗಳು ಒಂದು ಬಲ್ಬನ್ನು ಗೋಡೆತುಂಬ ಹಂಚಿಬಿಡುತ್ತವೆ. ಆದರೆ ಬಟ್ಟೆಯೊಳಗೆ ಹಳೇ 60 ವ್ಯಾಟಿನ ಬಲ್ಬು ಹಾಕಿದರೆ ಕಸೂತಿ ಸುಟ್ಟೀತು. 9 ವ್ಯಾಟಿನ ಎಲ್‌ಇಡಿ ಸಾಕು. ಸಂಡೂರಲ್ಲೇ ಮನೆಯಿದ್ದರೆ ಒಂದು ಒರೆಸುವ ಬಟ್ಟೆಯನ್ನೂ ಪಟ್ಟಿಗೆ ಸೇರಿಸಿ, ಅದಿರಿನ ಕೆಂಧೂಳು ಟೊಪ್ಪಿಗೆಯ ಬಣ್ಣ ನೋಡಿ ಕೂರುವುದಿಲ್ಲ.

ಈಗ ಅಸಲು ವಿಷಯ. ಮೊದಲ ಸಲ ನಾನು ಈ ಕೆಲಸಕ್ಕೆ ಕೈಹಾಕಿದಾಗ ಒಂದು ದೀಪದ ಬಾಲ ಇನ್ನೊಂದರ ಬಾಯಿಗೆ ಎಂಬಂತೆ ಮೂರು ಹಳೇ ಬಲ್ಬುಗಳನ್ನು ಪೋಣಿಸಿದ್ದೆ. 230 ವೋಲ್ಟು ಮೂರು ಪಾಲಾಗಿ ತಲೆಗೆ ಸುಮಾರು 77 ಬಂತು. ಕೆಂಡದ ಹಾಗೆ ಮಿಣಿಮಿಣಿ ಅಂದವು. ಒಂದನ್ನು ಬಿಚ್ಚಿದೆ, ಉಳಿದ ಎರಡೂ ಸತ್ತವು. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಗತಿ.

ನೋಡುತ್ತ ನಿಂತಿದ್ದ ಹಿರಿಯ ನೀರುಗಂಟಿಯೊಬ್ಬರು ನಕ್ಕರು: "ಒಬ್ಬನ ಗದ್ದೆ ತುಂಬಿ ಹೊರಳಿದ ನೀರು ಇನ್ನೊಬ್ಬಗ ಅಂದ್ರ ಯಾರು ಒಪ್ತಾರ? ಎಲ್ಲರಿಗೂ ಅವರವರ ತೂಬು ಕೊಡ್ರಿ."

ಅಷ್ಟೇ. ಕೆಂಪು ವೈರು ರಾಯ ಕಾಲುವೆ, ಕಪ್ಪು ವೈರು ಬಸಿಗಾಲುವೆ. ಎರಡನ್ನೂ ಮೊದಲ ರೋಸಿಗೆ ತನ್ನಿ. ಅಲ್ಲಿಂದ ಲೂಪು ಎಳೆದು ಎರಡನೆಯದಕ್ಕೆ, ಮೂರನೆಯದಕ್ಕೆ. ಪ್ರತಿ ದೀಪವೂ ಕೆಂಪಿನಿಂದ ಪಡೆದು ಕಪ್ಪಿಗೆ ಬಿಡಬೇಕು. ಹಸಿರು ಅರ್ಥಿಂಗಿಗೆ; ಹೋಲ್ಡರ್ ಲೋಹದ್ದಾದರೆ ಅದನ್ನು ಮರೆತೀರಿ, ಜೋಕೆ. ಕಂಪ್ಲಿಯತ್ತ ಸಾಗುವ ಕೆಳಮಟ್ಟದ ಕಾಲುವೆಯ ಕೊನೆಭಾಗದ ರೈತನಂತೆ ಮೂರನೇ ದೀಪ ಗೋಳಾಡುವುದಿಲ್ಲ. ಮೂರೂ ಸೇರಿ 27 ವ್ಯಾಟು, ಕರೆಂಟು ಸುಮಾರು 0.12 ಆಂಪಿಯರ್. ನಾಲ್ಕಾರು ಮೀಟರ್ ತಾಮ್ರದಲ್ಲಿ ಸೋರಿಹೋಗುವುದು ಲೆಕ್ಕಕ್ಕಿಲ್ಲ. ಈ ಮಾತನ್ನು ಆ ರೈತನ ಮುಂದೆ ಆಡಬೇಡಿ.

ಸ್ವಿಚ್ಚು ಕೆಂಪಿನ ಮೇಲೇ ಇರಲಿ. ಹಂಪಿಯ ವಿರೂಪಾಕ್ಷ ಗುಡಿಯ ಕತ್ತಲ ಕೋಣೆಯಲ್ಲಿ ಗೋಡೆಯ ಕಿಂಡಿಯಿಂದ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ, ಜನ ಕೈಮುಗಿಯುತ್ತಾರೆ. ಕೆಂಪು-ಕಪ್ಪು ತಲೆಕೆಳಗಾದರೂ ದೀಪ ಚೆನ್ನಾಗಿಯೇ ಉರಿಯುತ್ತದೆ, ಮೋಸ ಇರುವುದೇ ಅಲ್ಲಿ. ಸ್ವಿಚ್ಚು ಆರಿಸಿ ಬಲ್ಬು ಬದಲಿಸಲು ಹೋದರೆ ಹೋಲ್ಡರಿನಲ್ಲಿ 230 ವೋಲ್ಟು ನಿಮ್ಮನ್ನೇ ಕಾಯುತ್ತಿರುತ್ತದೆ. ಆದ್ದರಿಂದ ಟೆಸ್ಟರ್.

ತೂಗುಹಾಕುವಾಗ ಭಾರವನ್ನು ವೈರಿನ ತುದಿಯ ಸ್ಕ್ರೂಗೆ ಬಿಡಬೇಡಿ. ಕೊಕ್ಕೆಯೋ ಚೈನೋ ಹೊರಲಿ. ಚೈನನ್ನೂ ವರ್ಷಕ್ಕೊಮ್ಮೆ ಎಳೆದು ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. 33 ಗೇಟಿಗೂ ಬೇರೆಬೇರೆ ಚೈನು, ಹಾಗಾಗಿ ಉಳಿದವು ನಿಂತವು. ಊರೆಲ್ಲ ಮಾತ್ರ ಆ ವಾರ ನಿದ್ದೆ ಮಾಡಲಿಲ್ಲ.

ಇನ್ನು ಮೇನ್ ಎತ್ತಿ, ಸ್ವಿಚ್ ಒತ್ತಿ. ಒಂದು ಮಾತ್ರ ಉರಿಯದಿದ್ದರೆ ಆ ಬಲ್ಬೋ ಅದರ ಸ್ಕ್ರೂವೋ ಸಡಿಲ. ಮೂರೂ ಉರಿಯದಿದ್ದರೆ ಕಿಟಕಿ ತೆರೆದು ಎದುರುಮನೆ ನೋಡಿ. ಅಲ್ಲೂ ಕತ್ತಲಿದ್ದರೆ ಏಣಿ ಮಡಚಿಟ್ಟು ಕಟ್ಟೆಗೆ ಬನ್ನಿ, ಅವರೂ ಅಲ್ಲೇ ಕೂತಿರುತ್ತಾರೆ.