ಆರಾಮ ಏನೋ ತಮ್ಮಾ?

ಟಿಳಕವಾಡಿಯಲ್ಲಿ ರವಿವಾರ ಮುಂಜಾನೆ ಯಾರಾದರೂ ಅತಿ ಪ್ರೀತಿಯಿಂದ ಮಾತಾಡಿಸಿದರೆ ಅವರ ಬೆನ್ನ ಹಿಂದೆ ಜಂಪ್ ಕೇಬಲ್ ಇದೆಯೆಂದೇ ತಿಳಿಯಿರಿ. ನಮ್ಮ ಗಲ್ಲಿಯ ಕಾಕಾ ಅಂಥವರು. "ಆರಾಮ ಏನೋ ತಮ್ಮಾ? ಚಾ ಆತೇನು? ಹಂಗ ನಿನ್ನ ಗಾಡಿ ಒಂದೀಟು ಇತ್ತಾಗ ತಾ." ಅವರ ಕಾರು ಸೆಲ್ಫ್ ಹೊಡೆದರೆ ಟಕ್ ಅನ್ನುತ್ತದೆ, ಏಳುವುದಿಲ್ಲ. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಟ್ಟಕಡೆಗೆ ಕರೀದು ಎಂಜಿನ್ನಿನ ಕಬ್ಬಿಣಕ್ಕೆ ಅನ್ನುವುದು ಗಲ್ಲಿಯ ಹುಡುಗರಿಗೆಲ್ಲ ಬಾಯಿಪಾಠ.

ಔಷಧ ಹೇಳದವರಿಲ್ಲ. "ಮಳಿಗಾಲ್ರೀ, ಥಂಡಿ ಹಿಡದೈತಿ" ಅಂದವರುಂಟು, "ಡೈನಮೋ ಹೋಗೇತಿ" ಅಂದವರುಂಟು. ಮೀಟರ್ ಹಚ್ಚಿ ನೋಡೋಣ ಅಂದವರು ಒಬ್ಬರೂ ಇಲ್ಲ. ಕಾಕಾ ಹಳೇ ಬ್ಯಾಟರಿ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ಹಾಕಿಸಿದರು, ಕುಂದಾ ಹಂಚಿದರು. ಮುಂದಿನ ರವಿವಾರ ಮತ್ತೆ ನನ್ನ ಆರೋಗ್ಯ ವಿಚಾರಿಸಿದರು.

ಆ ದಿನ ಖಾನಾಪುರದಲ್ಲಿ ಮದುವೆ. ಪೀರನವಾಡಿ, ಮಚ್ಛೆ, ದೇಸೂರು ದಾಟಿ ಸುಮಾರು 26 ಕಿ.ಮೀ. ಹೋದರೂ ಕಾಕಾನಿಗೆ ಎಂಜಿನ್ ಬಂದ್ ಮಾಡುವ ಧೈರ್ಯವಿಲ್ಲ. ಅಕ್ಷತೆ ಬಿತ್ತು, ಊಟಕ್ಕೆ ಪಂಕ್ತಿ ಕೂತಿತು, ಹೊರಗೆ ಕಾರು ಗುರ್ ಅಂತಲೇ ಇತ್ತು. ಪಂಕ್ತಿಯಲ್ಲಿದ್ದ ಒಬ್ಬ ಮಿಸ್ತ್ರಿಗೆ ಆ ಸಪ್ಪಳ ತಡೆಯಲಾಗಲಿಲ್ಲ. ಕೈ ತೊಳೆದು ಮೀಟರ್ ತಂದ.

ಎಂಜಿನ್ ಓಡುವಾಗ 14.2 ವೋಲ್ಟ್. "ಡೈನಮೋ ಭೇಷ್ ಐತ್ರಿ." ಬಂದ್ ಮಾಡಿ, ಬಾಗಿಲು ಹಾಕಿ, ಮೈನಸ್ ವಾಯರ್ ಬಿಚ್ಚಿ ನಡುವೆ ಮೀಟರ್ ಕೂಡಿಸಿ ಕಾದ. 320 ಮಿಲಿಆಂಪಿಯರ್! "ನಿಂತ ಗಾಡಿಗಿ 50ರ ಒಳಗ ಇರಬೇಕ್ರಿ. ಇದು ದಿನಾ ಏಳೂವರಿ ಆಂಪಿಯರ್-ಅವರ್ ಕುಡಿತೈತಿ. ನಿಮ್ಮ 35ರ ಬ್ಯಾಟರಿ ಶುಕ್ರವಾರದ ತನಕ ಬಾಳೂದ ಹೆಚ್ಚು."

ಒಂದೊಂದೇ ಫ್ಯೂಸ್ ಕಿತ್ತ. ಆಂಪ್ಲಿಫಯರಿನದು ಕಿತ್ತಾಗ ಮೀಟರ್ 30ಕ್ಕೆ ಬಿತ್ತು. ಅದನ್ನು ಎಬ್ಬಿಸುವ ಸಣ್ಣ ನೀಲಿ ವಾಯರು ಟೇಪಿನಿಂದ ಬರಬೇಕಿತ್ತು, ಯಾರೋ ಪುಣ್ಯಾತ್ಮ ಸೀದಾ ಬ್ಯಾಟರಿಗೇ ಹಚ್ಚಿದ್ದ. ಹಾಡು ನಿಂತರೂ ಆಂಪ್ಲಿಫಯರು ಎಚ್ಚರ! ಕಾಕಾ ಕೇಳುವುದಾದರೂ ಏನು? 1924ರಲ್ಲಿ ಇಲ್ಲೇ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಕಬೀರ ಭಜನ್ ಮಾತ್ರ.

"ಹಂಗಾರ ಹಳೇ ಬ್ಯಾಟರಿ?"

"ಛಲೋ ಇದ್ದಿರಬೇಕ್ರಿ. ಹಿಂಗ ಪದೇಪದೇ ಬರಿದಾಗಿ ಸತ್ತಿದ್ರೂ ಸತ್ತೀತು."

ಕಾಕಾ ಆಕಾಶ ನೋಡಿದರು. "ಹೋಗ್ಲಿ ಬಿಡೋ. ಭಜನಕ್ಕ ಹೋದ ಕರೆಂಟು ಹಾಳಾಗೂದಿಲ್ಲ."

"ಅದು ಮಂದಿ ಕರೆಂಟ್ ರೀ!" ಅಂದರು ಕಾಕು.