ಸ್ವಹಸ್ತಾರ್ಜಿ ಮೀಮಾಂಸೆ

ಉದ್ಯೋಗಾಕಾಂಕ್ಷಿಯು ತನ್ನ ಅರ್ಜಿಯನ್ನು ಅಂಚೆಗೆ ಹಾಕದೆ, ಇಸ್ತ್ರಿಯ ಅಂಗಿ ತೊಟ್ಟು, ತಾನೇ ಒಯ್ದು ಸ್ಥಳೀಯ ಮಾಲಕನ ಮೇಜಿನ ಮೇಲಿರಿಸುವ ಕರ್ಮಕ್ಕೆ ‘ಸ್ವಹಸ್ತಾರ್ಜಿ’ಯೆಂದು ಸಂಜ್ಞೆ. ಈ ಶಾಸ್ತ್ರಕ್ಕೆ ಸಾಂಗಲಿ-ಮಿರಜ ಪ್ರಾಂತವೇ ಪ್ರಮಾಣಕ್ಷೇತ್ರವೆಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದರ ಆದಿಮ ದೃಷ್ಟಾಂತವು ಘಟಿಸಿದ್ದು ಅಲ್ಲಿಯೇ, ಅರ್ಜಿದಾರರಾದರೋ ನಮ್ಮವರೇ.

1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳವೊಂದು ಘಟ್ಟವನ್ನೇರಿ, ಸಾಂಗಲಿಯ ಅಧಿಪತಿ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರ ಸಮ್ಮುಖದಲ್ಲಿ ಕುಣಿದು ತನ್ನ ಯೋಗ್ಯತೆಯನ್ನು ಖುದ್ದಾಗಿ ನಿವೇದಿಸಿತು. ಪ್ರಭುಗಳು ನೋಡಿದರು, ನೋಡಿ, ಇಂಥದೊಂದನ್ನು ಇನ್ನಷ್ಟು ಹಸನಾಗಿ ಮರಾಠಿಯಲ್ಲಿ ರಚಿಸೆಂದು ತಮ್ಮ ಆಶ್ರಯದಲ್ಲಿಯೇ ಇದ್ದ ವಿಷ್ಣುದಾಸ ಭಾವೆಯವರಿಗೆ ಅಪ್ಪಣೆಯಿತ್ತರು. 1843ರಲ್ಲಿ ‘ಸೀತಾಸ್ವಯಂವರ’ವು ರಂಗವನ್ನೇರಿ, ಮರಾಠಿ ನಾಟಕದ ಚರಿತ್ರೆ ಅಲ್ಲಿಂದ ಮೊದಲಾಯಿತು. ಇದರಿಂದ ನಿಷ್ಪನ್ನವಾಗುವ ಪ್ರಥಮ ಸೂತ್ರ: ಅರ್ಜಿ ಪರಊರವನದು, ನೇಮಕ ಊರವನದು.

ಇಲ್ಲಿ ಪೂರ್ವಪಕ್ಷಿಯು ಎದ್ದುನಿಂತು, 1919ರಲ್ಲಿ ಸ್ಥಾಪಿತವಾದ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ದಶಕಗಳ ಕಾಲ ಕನ್ನಡವನ್ನು ಬೋಧಿಸಲಿಲ್ಲವೇ, ವಿ. ಕೃ. ಗೋಕಾಕರು ಅದೇ ಕಾಲೇಜಿನ ಪ್ರಾಂಶುಪಾಲರಾಗಲಿಲ್ಲವೇ ಎಂದು ಕೇಳಬಹುದು. ಸಮಾಧಾನವಿಷ್ಟೆ: ಆ ಕಾಲೇಜಿನ ಒಡೆತನ ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯದು, ಮಾಲಕನು ಪುಣೆಯಲ್ಲಿರಲಾಗಿ ‘ಸ್ಥಳೀಯ’ನೆಂಬ ಲಕ್ಷಣವೇ ಅವನಿಗೆ ಸಲ್ಲದು. ಪೂರ್ವಪಕ್ಷಿಯು ಕುಳಿತುಕೊಳ್ಳಬಹುದು.

ಇನ್ನು ಭಾಷಾಪ್ರಕರಣ. ಮಿರಜ ಜಂಕ್ಷನ್ನಿನಲ್ಲಿ ಒಂದು ಕಾಲಕ್ಕೆ ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಎಂಬ ಮೂರು ಬಗೆಯ ಹಳಿಗಳು ಕೂಡುತ್ತಿದ್ದು, ಒಂದು ಗಾಡಿಯ ಗಂಟುಮೂಟೆಯನ್ನು ಹೊತ್ತು ಇನ್ನೊಂದು ಗಾಡಿಗೆ ಓಡುವುದೇ ಪ್ರಯಾಣಿಕರ ಪ್ರಾರಬ್ಧವಾಗಿತ್ತು. ಶೇಡಬಾಳ, ಉಗಾರದ ಕಡೆಯಿಂದ ಬರುವ ಅರ್ಜಿದಾರನ ನಾಲಗೆಯ ಸ್ಥಿತಿಯೂ ತದ್ವತ್. ಅವನು ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ಬರೆದು, ಮರಾಠಿಯಲ್ಲಿ ಒಪ್ಪಿಸುವಷ್ಟರಲ್ಲಿ ಒಂದೆರಡು ಮೂಟೆ ಫಲಾಟಿನ ಮೇಲೆಯೇ ಉಳಿದುಬಿಡುತ್ತವೆ.

ಅರ್ಜಿ ಕೈಬದಲಾದೊಡನೆ ಉಚ್ಚರಿಸಲ್ಪಡುವ ಮಂತ್ರವು ‘ಠೇವೂನ ಜಾ, ಬಘೂ’ ಎಂಬುದು. ಇಟ್ಟು ಹೋಗು, ನೋಡೋಣ. ಈ ‘ಬಘೂ’ ಎಂಬಲ್ಲಿ ನೋಡುವವರು ಯಾರು, ಯಾವಾಗ, ಏನನ್ನು ಎಂಬ ಮೂರು ಸಂದೇಹಗಳಿಗೂ ವ್ಯಾಕರಣದಲ್ಲಿ ಪರಿಹಾರವಿಲ್ಲ. ಬಹುವಚನವಾದುದರಿಂದ ಅರ್ಜಿದಾರನೂ ನೋಡುವವರಲ್ಲಿ ಸೇರಿದವನೆಂದು ಗ್ರಹಿಸತಕ್ಕದ್ದು, ಮತ್ತು ವಸ್ತುತಃ ಕಾದು ನೋಡುವವನು ಅವನೊಬ್ಬನೇ. ಅರ್ಜಿಯು ಮೇಜಿನ ಖಾನೆಯೊಳಗೆ ಇಳಿಯುತ್ತದೆ. ಕೃಷ್ಣಾ-ವಾರಣಾ ಸಂಗಮದ ಹರಿಪುರದಲ್ಲಿ ಅರಿಸಿನವನ್ನು ನೆಲದೊಳಗಿನ ಪೇವುಗಳಲ್ಲಿ ತುಂಬಿ ಮುಚ್ಚುವ ರೂಢಿಯಿತ್ತಷ್ಟೆ. ಅಲ್ಲಿ ಅದು ವರ್ಷಗಟ್ಟಲೆ ಕೆಡದೆ, ದರ ಏರಿದಾಗ ಹೊರಬರುತ್ತಿತ್ತು. ಖಾನೆಯಲ್ಲಿಯೂ ಅರ್ಜಿ ಕೆಡುವುದಿಲ್ಲ, ಅದನ್ನು ನಾನು ಅಲ್ಲಗಳೆಯಲಾರೆ. ದರ ಏರಿದ ನಿದರ್ಶನ ಮಾತ್ರ ನನಗೆ ದೊರೆತಿಲ್ಲ.

ಮಿರಜಕ್ಕೆ ಹೊರಗಿನಿಂದ ಖುದ್ದಾಗಿ ಬಂದು ತಪ್ಪದೆ ಕೆಲಸ ಗಿಟ್ಟಿಸುವುದು, ನಾನು ಕಂಡಮಟ್ಟಿಗೆ, ಪಂಢರಪುರದ ಸೀಮೆಯ ಸೋರೆಬುರುಡೆಯೊಂದೇ. ತಂಬೂರಿ ಮಾಡುವ ಶಿಕಲಗಾರರು ಅದನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಆಲಿಸಿ, ಒಳಗೇನೂ ಇಲ್ಲವೆಂದು ಖಾತ್ರಿಯಾದ ಬಳಿಕ ಸೇರಿಸಿಕೊಳ್ಳುತ್ತಾರೆ. ನನ್ನಲ್ಲಿ ಬಿ.ಎ. ಪದವಿಯಿದ್ದುದೇ ತೊಡಕಾಗಿರಬೇಕು.

ಪ್ರತ್ಯಕ್ಷ ಪ್ರಮಾಣಕ್ಕಾಗಿ ನಾನೂ ಒಮ್ಮೆ ಮಿರಜದ ಒಂದು ಕಚೇರಿಗೆ ಅರ್ಜಿ ಹಿಡಿದುಕೊಂಡು ಹೋಗಿದ್ದೆನು. ಬಾಗಿಲಲ್ಲಿದ್ದ ಶಿಪಾಯಿಯು ನನ್ನ ಮರಾಠಿಯನ್ನು ಎರಡು ವಾಕ್ಯಗಳವರೆಗೆ ಸಹಿಸಿ, ಮೂರನೆಯದಕ್ಕೆ “ಕನ್ನಡದಾಗ ಹೇಳ್ರಿ ಸರ” ಎಂದನು. ಜತ್ತ ತಾಲೂಕಿನವನಂತೆ. ಮಾಲಕರ ಕೈಗೇ ಕೊಡಬೇಕಾದ ಅರ್ಜಿಯೆಂದು ನಾನು ಗಂಭೀರವಾಗಿ ನುಡಿಯಲು, ಅವನು ಚಹಾದ ಕಿಟ್ಲಿಯನ್ನು ಕೆಳಗಿಟ್ಟು ನನ್ನನ್ನು ಆಪಾದಮಸ್ತಕ ನೋಡಿದನು.

“ನಾನೂ ಅರ್ಜಿ ಕೊಡಾಕs ಬಂದಾಂವ ರೀ, ಹನ್ನೊಂದು ವರ್ಷ ಆತು. ಕುಂಡ್ರು ಅಂದ್ರು, ಕುಂತೆ. ಚಾ ತೊಗೊಂಡ ಬಾ ಅಂದ್ರು, ತಂದೆ. ಅರ್ಜಿ ಇನ್ನೂ ಟ್ರಂಕಿನಾಗ ಐತಿ. ನೀವು ಮೊದಲ ಕುಂಡ್ರಿ.”