ಅಮೆರಿಕದ ಮಧ್ಯಮವರ್ಗ: ಅಸ್ತಿ–ನಾಸ್ತಿ ವಿಚಾರ

ಈಶ್ವರನುಂಟೋ ಇಲ್ಲವೋ, ಆತ್ಮವು ಒಂದೋ ಹಲವೋ ಎಂಬ ಸುಲಭ ಪ್ರಶ್ನೆಗಳನ್ನು ಪೂರ್ವಾಚಾರ್ಯರು ತಕ್ಕಮಟ್ಟಿಗೆ ಇತ್ಯರ್ಥಪಡಿಸಿ ಹೋಗಿರುವುದರಿಂದ, ಈ ಕಾಲದ ಪಂಡಿತನ ಪಾಲಿಗೆ ಉಳಿದಿರುವ ದುರ್ಘಟವಾದ ಸಮಸ್ಯೆಯೆಂದರೆ, ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಒಬ್ಬ ಸಾಧಾರಣ ಗೃಹಸ್ಥನು ಸ್ವಂತ ಮನೆ, ಒಂದು ಕಾರು, ಇಬ್ಬರು ಮಕ್ಕಳು ಮತ್ತು ರಾತ್ರಿಯ ನಿದ್ದೆ, ಇವಿಷ್ಟನ್ನೂ ಏಕಕಾಲದಲ್ಲಿ ಹೊಂದಿರುವುದು ಈಗಲೂ ಶಕ್ಯವೋ ಅಲ್ಲವೋ ಎಂಬುದು.

ಶಾಸ್ತ್ರಮರ್ಯಾದೆಯಂತೆ ಮೊದಲು ಲಕ್ಷಣವನ್ನು ಹೇಳತಕ್ಕದ್ದು. ಆ ದೇಶದ ಸರ್ಕಾರವು ಬಡತನಕ್ಕೆ ಒಂದು ರೇಖೆಯನ್ನು ಎಳೆದಿದೆ. 1960ರ ದಶಕದಲ್ಲಿ ಮಾಲಿ ಒರ್ಶಾನ್‌ಸ್ಕಿ ಎಂಬ ವಿದುಷಿಯು ಮಿತವ್ಯಯದ ಊಟದ ಖರ್ಚನ್ನು ಮೂರರಿಂದ ಗುಣಿಸಿ ಹಾಕಿಕೊಟ್ಟ ಗೆರೆಯೇ, ಬೆಲೆಯೇರಿಕೆಯನ್ನನುಸರಿಸಿ ಮೇಲಕ್ಕೆ ಜರುಗುತ್ತ, ಇಂದಿಗೂ ಊರ್ಜಿತದಲ್ಲಿದೆ. ಮಧ್ಯಮವರ್ಗಕ್ಕಾದರೋ ಅಧಿಕೃತವಾದ ಗೆರೆಯೇ ಇಲ್ಲ. 2010ರಲ್ಲಿ ಅಲ್ಲಿನ ವಾಣಿಜ್ಯ ಇಲಾಖೆಯು ಈ ಕೊರತೆಯನ್ನು ನೀಗಲೆಂದು ವರದಿಯೊಂದನ್ನು ಸಿದ್ಧಪಡಿಸಿ, ಮನೆ, ಕಾರು, ಮಕ್ಕಳಿಗೆ ಕಾಲೇಜು ವಿದ್ಯೆ, ಆರೋಗ್ಯ ಮತ್ತು ನಿವೃತ್ತಿಗಳ ಭದ್ರತೆ, ಆಗೊಮ್ಮೆ ಈಗೊಮ್ಮೆ ಸಂಸಾರಸಮೇತ ಪ್ರವಾಸ, ಇವುಗಳನ್ನು ಎಣಿಸಿತು. ಎಣಿಸಿ, ಮಧ್ಯಮವರ್ಗಕ್ಕೆ ಆದಾಯಕ್ಕಿಂತ ಆಕಾಂಕ್ಷೆಯೇ ಮುಖ್ಯ ಲಕ್ಷಣವೆಂದು ತೀರ್ಮಾನಿಸಿತು. ಮುಮುಕ್ಷುವನ್ನೇ ಮುಕ್ತನೆಂದು ಲೆಕ್ಕಕ್ಕೆ ಹಿಡಿಯುವ ಇಂಥ ಔದಾರ್ಯವು ನಮ್ಮ ಯಾವ ದರ್ಶನದಲ್ಲಿಯೂ ಕಾಣಬರುವುದಿಲ್ಲ.

ಪ್ಯೂ ಸಂಶೋಧನಾ ಕೇಂದ್ರದವರು ಇದಕ್ಕಿಂತ ಗಣಿತಜ್ಞರು. ದೇಶದ ಕುಟುಂಬಗಳನ್ನು ಆದಾಯಾನುಕ್ರಮದಲ್ಲಿ ನಿಲ್ಲಿಸಿ, ನಟ್ಟನಡುವೆ ನಿಂತವನ ಆದಾಯದ ಮೂರನೆಯ ಎರಡು ಪಾಲಿನಿಂದ ಹಿಡಿದು ಅದರ ಎರಡರಷ್ಟರವರೆಗೆ ಇರುವವರೆಲ್ಲ ಮಧ್ಯಮರು ಎಂಬುದು ಅವರ ಸೂತ್ರ. ಇದರಂತೆ 1971ರಲ್ಲಿ ವಯಸ್ಕರಲ್ಲಿ ಶೇ. 61 ಮಂದಿ ಮಧ್ಯಮರಾಗಿದ್ದವರು 2021ರ ವೇಳೆಗೆ ಶೇ. 50ಕ್ಕೆ ಇಳಿದರು. ಕಣ್ಣೀರು ತೆಗೆಯುವ ಮುನ್ನ ಇನ್ನೊಂದು ಅಂಶವನ್ನು ಗಮನಿಸಬೇಕು: ನಡುವಿನಿಂದ ಹೊರಟ ಹನ್ನೊಂದು ಪಾಲಿನಲ್ಲಿ ನಾಲ್ಕು ಕೆಳಕ್ಕೂ ಏಳು ಮೇಲಕ್ಕೂ ಹೋದವು. ಸೂತ್ರದಲ್ಲಿ ದೋಷವೂ ಇಲ್ಲದಿಲ್ಲ. ಇಡೀ ದೇಶದ ಆದಾಯವು ನಾಳೆ ಬೆಳಗಾಗುವುದರೊಳಗೆ ಅರ್ಧಕ್ಕಿಳಿದರೂ ಮಧ್ಯಮರ ಸಂಖ್ಯೆಯಲ್ಲಿ ಒಬ್ಬನೂ ಕಡಿಮೆಯಾಗನು.

ಪೂರ್ವಪಕ್ಷದವರಲ್ಲಿ ಅಗ್ರಗಣ್ಯರು ಕೃತಯುಗವಾದಿಗಳು. ಇವರ ಮತದಲ್ಲಿ ಕೃತಯುಗವು 1947ರಲ್ಲಿ, ನ್ಯೂಯಾರ್ಕ್ ನಗರಕ್ಕೆ ಪೂರ್ವದ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ಪ್ರವೃತ್ತವಾಯಿತು. ಲೆವಿಟ್ ಎಂಬ ಮನೆತನದವರು ಅಲ್ಲಿ ಕೆಲವೇ ವರ್ಷಗಳಲ್ಲಿ 17,000ಕ್ಕೂ ಮಿಕ್ಕಿ ಮನೆಗಳನ್ನು ಹೆಚ್ಚುಕಡಿಮೆ ಒಂದೇ ನಮೂನೆಯಲ್ಲಿ ಕಟ್ಟಿ ಲೆವಿಟ್‌ಟೌನ್ ಎಂಬ ಊರನ್ನು ಸೃಷ್ಟಿಸಿದರು. 1949ರ ಮನೆಗೆ 7,990 ಡಾಲರ್ ಬೆಲೆ, ತಿಂಗಳಿಗೆ 58 ಡಾಲರ್ ಕಂತು. ಯುದ್ಧದಿಂದ ಮರಳಿದ ಸಿಪಾಯಿಯ ಸಾಲಕ್ಕೆ 1944ರ ಕಾನೂನಿನ ಮೇರೆಗೆ ಸರ್ಕಾರವೇ ಹೊಣೆ. ಅಡಿಗೆಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ. 1950ರ ನಮೂನೆಯಲ್ಲಂತೂ ಮೆಟ್ಟಿಲಿನ ಒಡಲಲ್ಲಿಯೇ ಹುದುಗಿಸಿಟ್ಟ ಟೆಲಿವಿಷನ್ ಪೆಟ್ಟಿಗೆ. ಈ ಊರಿನ ಹೆಸರೆತ್ತಿದೊಡನೆ ಕೃತಯುಗವಾದಿಯ ಕಂಠವು ಗದ್ಗದವಾಗುತ್ತದೆ. ಗದ್ಗದವು ಇಳಿದ ಬಳಿಕ ವಿಚಾರಿಸಿದರೆ ತಿಳಿದುಬರುವುದೇನೆಂದರೆ, ಮೊದಮೊದಲ ಮನೆಗಳು ಕೇವಲ 750 ಚದರಡಿಯವು. ಬೇಲಿ ಹಾಕಕೂಡದು, ಹುಲ್ಲನ್ನು ತಪ್ಪದೆ ಕತ್ತರಿಸತಕ್ಕದ್ದು, ಶನಿವಾರ ಭಾನುವಾರಗಳಲ್ಲಿ ಒಗೆದ ಬಟ್ಟೆಯನ್ನು ಹೊರಗೆ ಹರವಕೂಡದು. ಮತ್ತು ಮನೆಗೆಲಸದ ಆಳುಗಳ ಹೊರತು ಬಿಳಿಯರಲ್ಲದವರಾರೂ ಅಲ್ಲಿ ವಾಸಿಸಕೂಡದೆಂದು ಆರಂಭದ ಕರಾರುಪತ್ರದಲ್ಲಿಯೇ ಬರೆದಿತ್ತು. ಅದೇ ಯುದ್ಧದಲ್ಲಿ ಕಾದಿ ಬಂದ ಕಪ್ಪು ಸಿಪಾಯಿಗೆ ಕೃತಯುಗದಲ್ಲಿ ಬಾಗಿಲಿರಲಿಲ್ಲ. ಉಳಿದ ನಿಬಂಧನೆಗಳನ್ನು ನಕ್ಕು ಬಿಡಬಹುದು, ಇದನ್ನು ಬಿಡಲಾಗದು. ಅಂದು ಮನೆ ಕೊಂಡವನ ಮೊಮ್ಮಗನಿಗೆ ಇಂದು ಆಸ್ತಿಯಿದೆ, ಕೊಳ್ಳುವ ಅವಕಾಶ ಸಿಗದವನ ಮೊಮ್ಮಗನಿಗೆ ಇಲ್ಲ.

ಎರಡನೆಯವರಾದ ಅಗ್ಗವಾದಿಗಳು ಹರ್ಷಚಿತ್ತರು. 1950ರ ಜನಗಣತಿಯ ಕಾಲಕ್ಕೆ ಆ ದೇಶದ ಮನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ನಲ್ಲಿನೀರು, ಸ್ನಾನಗೃಹ, ಶೌಚಗಳ ಸಂಪೂರ್ಣ ವ್ಯವಸ್ಥೆಯಿರಲಿಲ್ಲವೆಂದೂ, ಈಗ ಕಟ್ಟುವ ಮನೆಗಳು ಲೆವಿಟ್ಟರ ಮನೆಯಂಥ ಮೂರನ್ನು ನುಂಗುವಷ್ಟಿವೆಯೆಂದೂ, ಟೆಲಿವಿಷನ್ನಂತೂ ಕಾಸಿಗೊಂದು ಕೊಸರಿಗೆರಡು ಎಂಬಂತೆ ದೊರೆಯುವುದೆಂದೂ ಇವರು ವಾದಿಸುವರು. ಎಲ್ಲವೂ ದಿಟವೇ. ಆದರೆ ಅಗ್ಗವಾದುದು ನೋಡುವ ವಸ್ತು. ತುಟ್ಟಿಯಾದುದು ಕಾಯುವ ವಸ್ತು: ಮನೆ, ವೈದ್ಯ, ವಿದ್ಯೆ, ಶಿಶುವಿಹಾರ. ವಿಲಿಯಂ ಬೌಮಾಲ್ ಎಂಬ ಅರ್ಥಶಾಸ್ತ್ರಜ್ಞನು 1960ರ ದಶಕದಲ್ಲಿಯೇ ಇದರ ಒಂದು ಕಾರಣವನ್ನು ಕಂಡಿದ್ದನು. ಕಾರ್ಖಾನೆಯಲ್ಲಿ ವರ್ಷವರ್ಷಕ್ಕೂ ಕಡಿಮೆ ಕೈಗಳಿಂದ ಹೆಚ್ಚು ಪೆಟ್ಟಿಗೆಗಳು ಹೊರಬರುತ್ತವೆ. ನಾಲ್ವರು ನುಡಿಸುವ ವಾದ್ಯಗೋಷ್ಠಿಗಾದರೋ ಬೀಥೋವನ್ನನ ಕಾಲದಲ್ಲಿಯೂ ನಾಲ್ವರೇ ಬೇಕು, ಈಗಲೂ ನಾಲ್ವರೇ ಬೇಕು, ಅವರ ಕೂಲಿ ಮಾತ್ರ ಲೋಕದೊಂದಿಗೆ ಏರುತ್ತದೆ. ಕೂಸನ್ನು ನೋಡಿಕೊಳ್ಳುವ ದಾದಿಯ ಕಥೆಯೂ ಇದೇ. ಇನ್ನು ವೈದ್ಯಕ್ಕೆ ಬಂದರೆ, ನೌಕರಿಯ ಮೂಲಕ ದೊರೆಯುವ ಕುಟುಂಬವಿಮೆಯ ಸರಾಸರಿ ವಾರ್ಷಿಕ ಕಂತು 2024ರಲ್ಲಿ 25,500 ಡಾಲರನ್ನು ದಾಟಿತು. 2023ರಲ್ಲಿ ನಟ್ಟನಡುವಣ ಕುಟುಂಬದ ಆದಾಯವೇ 80,610 ಡಾಲರ್. ಕಂತಿನ ಬಹುಭಾಗವನ್ನು ಧಣಿಯು ತೆರುವನೆಂಬುದು ನಿಜ. ಆ ಹಣವು ಸಂಬಳದಿಂದಲೇ ಮುರಿದುಕೊಂಡದ್ದೆಂಬುದೂ ನಿಜ. ಇಷ್ಟಾದ ಮೇಲೂ ಕಾಯಿಲೆ ಬಿದ್ದರೆ ಡಿಡಕ್ಟಿಬಲ್ ಎಂಬ ಮೊತ್ತವನ್ನು ಮೊದಲು ರೋಗಿಯೇ ಕೈಯಿಂದ ಕಟ್ಟಿ, ಅನಂತರ ನರಳಲು ಅರ್ಹನಾಗುತ್ತಾನೆ.

ಉಭಯ ಪಕ್ಷಗಳನ್ನೂ ಖಂಡಿಸಿ ನಾವು ಸ್ಥಾಪಿಸುವ ಸಿದ್ಧಾಂತವಿದು: ಅಮೆರಿಕದಲ್ಲಿ ಮಧ್ಯಮವರ್ಗದ ಸುಖವು ಅಸತ್ಯವಲ್ಲ, ಜಾತಕಾಧೀನ. ಹಾರ್ವರ್ಡಿನ ರಾಜ್ ಚೆಟ್ಟಿ ಮೊದಲಾದವರ ಗಣನೆಯಂತೆ, 1940ರಲ್ಲಿ ಹುಟ್ಟಿದವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ತಂದೆತಾಯಿಗಳಿಗಿಂತ ಹೆಚ್ಚು ಗಳಿಸಿದರು. 1980ರ ದಶಕದಲ್ಲಿ ಹುಟ್ಟಿದವರಲ್ಲಿ ಐವತ್ತರಷ್ಟು. ಇದು ಜನ್ಮಕಾಲ. ಜನ್ಮಸ್ಥಳವೂ ಗಣ್ಯವೇ: 2018ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಸೀಮೆಯಲ್ಲಿ ವರ್ಷಕ್ಕೆ 1,17,400 ಡಾಲರ್ ಗಳಿಸುವ ನಾಲ್ವರ ಕುಟುಂಬವನ್ನು ಸರ್ಕಾರದ ಗೃಹ ಇಲಾಖೆಯು ಅಲ್ಪಾದಾಯದ ಪಟ್ಟಿಗೆ ಸೇರಿಸಿತು. ಅದನ್ನೇ ರೂಪಾಯಿಗೆ ತಿರುಗಿಸಿ 80 ಲಕ್ಷವೆಂದು ಜಯನಗರದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ತಂದೆಗೆ, ಮಗನು ಅಲ್ಲಿ ಅಲ್ಪಾದಾಯದವನೆಂದು ಯಾರೂ ತಿಳಿಸಿರಲಾರರು. ತಿಳಿಸಿದ್ದರೂ ಕನ್ಯಾಪಿತೃಗಳೆದುರು ಆತನು ಅದನ್ನು ಬಾಯಿಬಿಟ್ಟಿರಲಾರನು.

ಉಳಿದುದು ಮುಹೂರ್ತ. ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಎರಡು ಮನೆಗಳು. ಒಬ್ಬನು 2021ರಲ್ಲಿ ಶೇ. 3ರ ಆಸುಪಾಸಿನ ಬಡ್ಡಿಗೆ ಮೂವತ್ತು ವರ್ಷದ ಸಾಲಪತ್ರಕ್ಕೆ ರುಜು ಹಾಕಿದನು, ಪಕ್ಕದವನು 2023ರ ಅಕ್ಟೋಬರಿನಲ್ಲಿ ಶೇ. 8ಕ್ಕೆ ಸಮೀಪದ ಬಡ್ಡಿಗೆ ಹಾಕಿದನು. ಮೊದಲನೆಯವನು ಸುಖಿ, ಆದರೆ ಮನೆ ಮಾರಿದರೆ ಹೊಸ ಬಡ್ಡಿ ಮೈಮೇಲೆ ಬೀಳುವುದರಿಂದ ವರ್ಗವಾದರೂ ಊರು ಬಿಡಲಾರನು. ಎರಡನೆಯವನಿಗೆ ಊರು ಬಿಡುವ ಸ್ವಾತಂತ್ರ್ಯವುಂಟು, ಹಣವಿಲ್ಲ.

ಆದಕಾರಣ ಈ ವಿಷಯದಲ್ಲಿ ನಮ್ಮನ್ನು ಪ್ರಶ್ನಿಸಬಯಸುವ ಮಹನೀಯರು ತಮ್ಮ ಜನ್ಮಸಂವತ್ಸರ, ವಾಸಸ್ಥಳದ ಪಿನ್ ಸಂಖ್ಯೆ, ತಾತನು ಮನೆ ಕೊಂಡಿದ್ದನೇ ಇಲ್ಲವೇ ಎಂಬ ವಿವರ ಮತ್ತು ಸಾಲಪತ್ರದ ತಾರೀಖನ್ನು ತಪ್ಪದೆ ಲಗತ್ತಿಸತಕ್ಕದ್ದು. ವಿದ್ಯಾರ್ಹತೆ, ಶ್ರಮ, ಮಿತವ್ಯಯ ಮೊದಲಾದವನ್ನು ಬರೆದು ಕಳಿಸುವ ಅವಶ್ಯಕತೆಯಿಲ್ಲ.